ಮೇಷ್ಟ್ರು ಬರೆದ ದೇಶದ ಹೆಸರು

ಬೆಳಗಿನ ಐದೂವರೆ. ಬಂದರಿನ ಅಂಗಳದಲ್ಲಿ ಇಬ್ಬನಿ ಕೂತ ಉಕ್ಕಿನ ಕೊಳವೆಗಳ ನಡುವೆ ಒಬ್ಬರು ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಕೊಳವೆಯನ್ನು ಹಳೆ ಬಟ್ಟೆಯಿಂದ ಒರೆಸಿ, ಅಕ್ಷರ ಕೊರೆದ ತಗಡನ್ನು ಒತ್ತಿ ಹಿಡಿದು, ಬಿಳಿ ಬಣ್ಣ ಬಳಿಯುತ್ತಾರೆ. ತಗಡು ತೆಗೆದರೆ ಅಳತೆ, ತೂಕ, ತಯಾರಾದ ದೇಶದ ಹೆಸರು. ಹತ್ತಕ್ಕೆ ಕ್ರೇನು ಬರುವಷ್ಟರಲ್ಲಿ ನೂರಿಪ್ಪತ್ತು ಕಟ್ಟು ಮುಗಿಯಬೇಕು. ಮಧ್ಯಾಹ್ನ ಅವು ಹಡಗೇರುತ್ತವೆ.

ಎಲ್ಲರೂ ಇವರನ್ನು ಮೇಷ್ಟ್ರು ಎನ್ನುತ್ತಾರೆ. "ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದೋನು ನಾನು. ಅಕ್ಷರ ದುಂಡಗಿದೆ ಅಂತ ಮೇಷ್ಟ್ರು ಮಾಡ್ಬಿಟ್ರು" ಎಂದು ನಗುತ್ತಾರೆ. ಇಪ್ಪತ್ತಾರು ವರ್ಷದ ಕಸುಬು. ಬೆನ್ನು ಬಾಗಿದೆ, ಉಗುರಿನ ಸಂದಿಯ ಬಣ್ಣ ಸೀಮೆಎಣ್ಣೆಗೂ ಜಗ್ಗುವುದಿಲ್ಲ.

ಪತ್ರಿಕೆಗೆ ಬರೆಯಲೆಂದು ನಾನು ಇವರನ್ನು ಹುಡುಕಿಕೊಂಡು ಬಂದದ್ದು ಇವರ ಧೈರ್ಯದ ಕತೆ ಕೇಳಿ. ಆ ಮಾತೆತ್ತಿದರೆ ನಗು ಮಾಯವಾಗುತ್ತದೆ.

ಒಂಬತ್ತು ವರ್ಷದ ಹಿಂದೆ ಮೇಷ್ಟ್ರು ಬೇರೊಂದು ಅಂಗಳದಲ್ಲಿದ್ದರು. ಅಲ್ಲಿಗೆ ಪರದೇಶದ ಕೊಳವೆಗಳು ಬಂದವು. ಆ ದೇಶದ ಮಾಲಿಗೆ ಕೊಳ್ಳುವವರ ನಾಡಿನಲ್ಲಿ ಸುಂಕ ವಿಪರೀತ. ಹಾಗಾಗಿ ಮಾಲೀಕ ಹಳೆ ಹೆಸರು ಅಳಿಸಿ, ಇಲ್ಲಿಯೇ ತಯಾರಾದದ್ದೆಂದು ಬರೆಯಲು ಹೇಳಿದ. ಮೇಷ್ಟ್ರು ಬರೆದರು. "ತಪ್ಪು ಅಂತ ಗೊತ್ತಿತ್ತು. ಗೊತ್ತಿದ್ದೇ ಬರೆದೆ."

ಆಚೆ ದಡದಲ್ಲಿ ಯಾರೋ ಬಣ್ಣ ಕೆರೆದು ನೋಡಿದರು. ತನಿಖೆಗೆ ಅಧಿಕಾರಿಗಳು ಬಂದಾಗ ಮಾಲೀಕ ಉದ್ದಣ್ಣನ ಹೆಸರು ಹೇಳಿದ. ಎತ್ತರದ ಆಳು, ಮೇಷ್ಟ್ರ ಜೊತೆಗಾರ. ಅಂದು ಜ್ವರದಿಂದ ಮನೆಯಲ್ಲಿ ಮಲಗಿದ್ದ. "'ಕುಡುಕ ಸಾರ್, ತಗಡು ಅದಲುಬದಲು ಮಾಡ್ಬಿಟ್ಟ' ಅಂದ್ರು ಮಾಲೀಕ್ರು. ನಾನು ಅಲ್ಲೇ ಇದ್ದೆ. ಬಣ್ಣದ ಕೈ ಬೆನ್ನ ಹಿಂದೆ ಇಟ್ಕೊಂಡು ನಿಂತಿದ್ದೆ." ಉದ್ದಣ್ಣನ ಕೆಲಸ ಹೋಯಿತು. ಬೀದಿಯಲ್ಲಿ ಜನ ಕುಡುಕ, ಮೋಸಗಾರ ಎಂದು ಆಡಿಕೊಂಡರು. ಒಂದು ಹನಿ ಮುಟ್ಟದ ಮನುಷ್ಯ ಅವನು.

ಎಂಟನೆಯ ದಿನ ಸಂಜೆ ಉದ್ದಣ್ಣನ ಹೆಂಡತಿ ಮೇಷ್ಟ್ರ ಮನೆಗೆ ಬಂದಳು. "ಅಣ್ಣಾ, ನಿಮ್ಮ ಮಾತಂದ್ರೆ ಎಲ್ರಿಗೂ ಗೌರವ. ಇವ್ರು ಅಂಥೋರಲ್ಲ ಅಂತ ಒಂದ್ಮಾತು ಹೇಳಿ" ಎಂದಳು.

"ನನ್ನನ್ನೇ ನಂಬಿ ಬಂದಿದ್ಲು ನೋಡಿ. ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಆಗ್ಲೂ ಅವಳ ಮುಂದೆ ನಿಜ ಬಾಯಿಗೆ ಬರ್ಲಿಲ್ಲ. 'ನೋಡೋಣ ತಾಯಿ' ಅಂದೆ."

ಮರುದಿನ ಬೆಳಗ್ಗೆ ಸುಂಕದ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿ ಸಹಿ ಹಾಕಿ ಬಂದರು. ಉದ್ದಣ್ಣನ ಮೇಲಿನ ಆರೋಪ ಹೋಯಿತು, ಮಾಲೀಕನ ಅಂಗಳಕ್ಕೆ ಬೀಗ ಬಿತ್ತು. ಮೇಷ್ಟ್ರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಎರಡು ವರ್ಷ ಮೂಟೆ ಹೊತ್ತರು. ಆಮೇಲೆ ಈ ಅಂಗಳದವರು ಕರೆದು ಬ್ರಷ್ಷು ಕೊಟ್ಟರು.

"ಜನ ಹೊಗಳಿದ ದಿನ ಇವ್ರು ಅರ್ಧ ಊಟಕ್ಕೇ ಎದ್ದುಬಿಡ್ತಾರೆ" ಎನ್ನುತ್ತಾರೆ ಬುತ್ತಿ ತಂದ ಮೇಷ್ಟ್ರ ಹೆಂಡತಿ.

ಉದ್ದಣ್ಣ ಈಗ ಇದೇ ಬಂದರಿನಲ್ಲಿ ಲಾರಿ ಓಡಿಸುತ್ತಾನೆ. "ಎದುರಿಗೆ ಸಿಕ್ಕಾಗ ಮಾತಾಡ್ಸ್ತಾನೆ. ಬೈದಿದ್ರೆ ಹಗುರಾಗ್ತಿತ್ತು."

ಫೋಟೊಗೆ ನಿಲ್ಲಲು ಮೇಷ್ಟ್ರು ಒಪ್ಪಲಿಲ್ಲ. ಹೊರಟಾಗ ಗೇಟಿನವರೆಗೆ ಬಂದು ನನ್ನನ್ನು ತಡೆದರು.

"ಧೈರ್ಯವಂತ ಅಂತೆಲ್ಲ ಬರೀಬೇಡಿ ಸಾರ್. ಎಂಟು ದಿನ ಸುಮ್ನಿದ್ದ ಅಂತ ಬರೀರಿ. ಉದ್ದಣ್ಣನ ಮಗಳು ಪೇಪರ್ ಓದ್ತಾಳೆ."