ಎದೆಯೊಳಗೆ ಕುಂತ ಗಾದೆಮ್ಮ

ಮಾಗಳದ ಹಂಪಮ್ಮನ ಎದೆಯೊಳಗೆ ಸತ್ತ ಹೆಂಗಸೊಬ್ಬಳು ಕುಳಿತಿದ್ದುದನ್ನು ಮೊದಲು ಕಂಡವನು ಏಕಾಂತಪ್ಪ. ಹೂವಿನಹಡಗಲಿಯ ಡಾಕ್ಟರೊಬ್ಬರ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವನ ಕೆಲಸ. ಕತ್ತಲೆ ಕೋಣೆಯ ಕೆಂಪು ದೀಪದಡಿ ಫಿಲ್ಮನ್ನು ಔಷಧಿ ನೀರಿನಲ್ಲಿ ಅಲುಗಿಸುತ್ತಿದ್ದಂತೆ ಪಕ್ಕೆಲುಬುಗಳು ಮೂಡಿದವು. ಅವುಗಳ ನಡುವೆ, ಬಲಗಡೆ, ಸುತ್ತಲೂ ಕಪ್ಪಾಗುತ್ತ ಬಂದಂತೆ ಬೆಳ್ಳಗೆ ಒಂದು ಹೆಣ್ಣು ಉಳಿಯಿತು. ತಲೆ, ಹೆಗಲು, ಮಡಿಚಿದ ಕಾಲು.

ಅದು ಎಪ್ಪತ್ತೊಂಬತ್ತನೇ ಇಸವಿ. ಹಂಪಮ್ಮ ಪಕ್ಕೀರಪ್ಪನ ಎರಡನೇ ಹೆಂಡತಿ. ಮೊದಲನೆಯವಳು ಗಾದೆಮ್ಮ, ಕೆಮ್ಮಿ ಕೆಮ್ಮಿ ಸತ್ತವಳು. ಈಗ ಹಂಪಮ್ಮನಿಗೂ ಕೆಮ್ಮು. ಆ ಮನೆತನದ ರೂಢಿಯಂತೆ ಸತ್ತವಳ ಹೆಸರಿನ ಪುಟ್ಟ ಬೆಳ್ಳಿ ಮೂರ್ತಿಯನ್ನು ಎರಡನೆಯವಳ ಕೊರಳಿಗೆ ಕಟ್ಟಬೇಕು. ಕುಂಕುಮ ಮೊದಲು ಮೂರ್ತಿಗೆ, ಆಮೇಲೆ ತನಗೆ. ಬಿಚ್ಚಿದರೆ ಸತ್ತವಳು ಮುನಿಯುತ್ತಾಳೆ.

"ಕೊರಳಾಗಿಂದು ಎಲ್ಲಾ ತಗದೀಯೇನವ್ವಾ?" ಎಂದು ಏಕಾಂತಪ್ಪ ಗೋಡೆ ನೋಡುತ್ತ ಕೇಳಿದ್ದ. ಹಂಪಮ್ಮ ಹ್ಞೂಂ ಅಂದಿದ್ದಳು. ತಾಳಿಯನ್ನು ಅತ್ತೆಯ ಕೈಗೆ ಕೊಟ್ಟು, ಮೂರ್ತಿಯನ್ನು ಕುಪ್ಪಸದೊಳಗೆ ತುರುಕಿದ್ದಳು. ಗಂಡನ ತಾಳಿ ಬಿಚ್ಚಲು ಹೆದರದ ಹೆಣ್ಣು ಸವತಿಯ ಮೂರ್ತಿಗೆ ಹೆದರಿದ್ದಳು. ಅಷ್ಟು ದೊಡ್ಡ ಯಂತ್ರ ತಂದವರಿಗೆ, ಹೆಂಗಸರ ಎದೆ ನೋಡಲು ಒಬ್ಬ ಹೆಂಗಸನ್ನು ಕೆಲಸಕ್ಕಿಡಬೇಕೆಂದು ಹೊಳೆದಿರಲಿಲ್ಲ. ನಮ್ಮಲ್ಲಿ ಮರ್ಯಾದೆ ಎಂದರೆ ಇಷ್ಟೇ: ಎದೆ ಮುಚ್ಚಿಕೊಂಡು ಸಾಯುವುದು.

ಡಾಕ್ಟರು ಇನ್ನೂ ಬಂದಿರಲಿಲ್ಲ. ನೀರು ತೊಟ್ಟಿಕ್ಕುವ ಫಿಲ್ಮನ್ನು ಏಕಾಂತಪ್ಪ ಕಿಟಕಿಯ ಬೆಳಕಿಗೆ ಹಿಡಿದದ್ದೇ ತಪ್ಪಾಯಿತು. ಅತ್ತೆ ಉಚ್ಚಂಗೆಮ್ಮ ಹಿಂದೆಯೇ ನಿಂತಿದ್ದಳು.

"ಯವ್ವಾ! ಗಾದಿ! ಕುಂತಾಳ ನೋಡು, ನಮ್ಮ ಗಾದಿ!"

"ಅಜ್ಜೀ, ಅದು ಕೊರಳಾಗಿಂದರ ನೆರಳು ಬಿದ್ದೈತಿ. ಇನ್ನೊಂದ್ಸಲ ತಗದ್ರ..."

"ನೀ ಸುಮ್ನಿರಪ. ನನ್ನ ಸೊಸಿ ಗುರ್ತು ನನಗ ಸಿಗಂಗಿಲ್ಲೇನು?"

ಡಾಕ್ಟರಿಗೂ ಕಾಯದೆ ಹಂಪಮ್ಮನನ್ನು ಊರಿಗೆ ಎಳೆದೊಯ್ದಳು. ಅಂದಿನಿಂದ ಹಂಪಮ್ಮನ ಪಾಲಿನ ರೊಟ್ಟಿ ಮೊದಲು ಗಾದೆಮ್ಮನಿಗೆ ಎಡೆಯಾಗತೊಡಗಿತು. ಆರಿದ ಮೇಲೆ ಅವಳಿಗೆ. ಲೋಬಾನದ ಹೊಗೆ ಹಾಕಿದರು. ಹೊಗೆಗೆ ಕೆಮ್ಮು ಏರಿತು. ಒಂದು ಮುಂಜಾನೆ ಕೆಮ್ಮಿ ಉಗುಳಿದ್ದು ಹಿತ್ತಲ ಕಲ್ಲಿನ ಮೇಲೆ ಕೆಂಪಗೆ ಬಿತ್ತು.

"ಎಲಿಅಡಿಕಿ ಹಾಕ್ಕೊಂಡಾಳ," ಅಂದಳು ಉಚ್ಚಂಗೆಮ್ಮ, ಪ್ರೀತಿಯಿಂದ. "ಗಾದಿಗೆ ಬಲು ಚಟ ಇತ್ತು."

ಪಕ್ಕದ ಮನೆಯ ದ್ಯಾಮಕ್ಕ ಬಾಗಿಲಿಗೆ ಬಂದು, "ಗಾದೆವ್ವಾ, ಚೊಲೋ ಅದೀಯೇನ?" ಎಂದು ಹಂಪಮ್ಮನ ಎದೆಯನ್ನೇ ನೋಡಿ ಮಾತಾಡಿಸಿದಳು. ಮುಖ ನೋಡಲಿಲ್ಲ.

ಬದುಕಿದ್ದವಳು ಹೀಗೆ ಆ ಮನೆಯೊಳಗೇ ಮರೆಯಾಗುತ್ತ ಬಂದಳು. ಕೊನೆಗೆ ಅವಳೂ ನಂಬಿದಳು. ಉಸಿರೆಳೆದರೆ ಒಳಗೆ ಯಾರೋ ಉಗುರಿನಿಂದ ಗಡಿಗೆ ಕೆರೆದಂತೆ ಸದ್ದು. "ಅಕ್ಕಾ, ತುಸು ಅತ್ತಾಗ ಸರಿಯ," ಎಂದು ತನ್ನೆದೆಗೇ ಹೇಳಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಹಾಗೆ ಕಿವಿಗೊಟ್ಟಿದ್ದಾಗ ಅದೇ ಸದ್ದು ಹೊರಗಿನಿಂದ ಬಂತು. ಅದೇ ಕೆರೆತ, ಕೊನೆಯಲ್ಲಿ ಅದೇ ಸಿಳ್ಳು. ಪಡಸಾಲೆಯಲ್ಲಿ ಪಕ್ಕೀರಪ್ಪ ಮಲಗಿದ್ದ. ಅವನದು ಹಳೆಯ ಬೀಡಿ ಕೆಮ್ಮು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಗಂಡಸು ಕೆಮ್ಮಿದರೆ ಬೀಡಿ, ಹೆಂಗಸು ಕೆಮ್ಮಿದರೆ ದೆವ್ವ!

ಹಂಪಮ್ಮ ಎದ್ದು ಹೋಗಿ ಅವನ ತಲೆಯ ಬಳಿ ಕುಳಿತಳು.

"ಅಕ್ಕನ್ನ ಲಗ್ನ ಆದಾಗ ನಿಮಗ ಈ ಕೆಮ್ಮು ಇತ್ತೇನ್ರಿ?"

"ಇತ್ತು. ಯಾಕ?"

"ಆಕಿಗೆ?"

ಪಕ್ಕೀರಪ್ಪ ಮೇಲಿನ ಜಂತಿ ನೋಡಿದ. "ಆಮ್ಯಾಲೆ ಬಂತು."

ಅವಳು ಕೊರಳಿನ ದಾರ ಬಿಚ್ಚಿ ಮೂರ್ತಿಯನ್ನು ಅವನ ಕೊರಳಿಗೆ ಕಟ್ಟಿದಳು.

"ನಿಮ್ಮ ಹೆಂಡ್ತಿ ಆಕಿ. ನೀವ ಹೊರ್ರಿ."

"ಸಾಯ್ತೀ, ಹಂಪೀ, ಸಾಯ್ತೀ!" ಉಚ್ಚಂಗೆಮ್ಮ ಚೀರಿದಳು.

"ಸಾಯಾಕ ಹತ್ತೀನಲ್ರಿ ಅತ್ತಿ. ಇನ್ನೇನ್ ಹೊಸಾದು?"

ಮರುದಿನ ಹಡಗಲಿ ಬಸ್ಸು ಹತ್ತಿದಳು. ಪಕ್ಕೀರಪ್ಪ ಹಿಂದೆಯೇ ಬಂದ. ಮೂರ್ತಿ ಬಿಚ್ಚಲು ಅಂಜಿಕೆ, ಅದರ ಜೊತೆ ಒಬ್ಬನೇ ಇರಲೂ ಅಂಜಿಕೆ.

ಎರಡನೇ ಫಿಲ್ಮಿನಲ್ಲಿ ಬಿಳಿ ಹೆಣ್ಣು ಇರಲಿಲ್ಲ. ಅವಳು ಕುಳಿತಿದ್ದ ಜಾಗದಲ್ಲೇ, ಹೆಚ್ಚುಕಡಿಮೆ ಅವಳಷ್ಟೇ ಗಾತ್ರದ ಕಪ್ಪು ತೂತು ಇತ್ತು. ಏಕಾಂತಪ್ಪ ಅದನ್ನು ಬಹಳ ಹೊತ್ತು ನೋಡಲಾರದೆ ಡಾಕ್ಟರ ಕೈಗಿತ್ತ.

"ಇಲ್ಲಿ ಪುಪ್ಪುಸ ತಿಂದೈತಿ ನೋಡವ್ವಾ. ಕ್ಷಯ ಇದು," ಎಂದರು ಡಾಕ್ಟರು. "ಸೂಜಿ, ಗುಳಿಗಿ ವರ್ಷದ ಮ್ಯಾಲೆ ತಗೋಬೇಕು. ಬಿಡದಂಗ ತಗೊಂಡ್ರ ಬದುಕ್ತೀ. ಮನ್ಯಾಗ ಮತ್ಯಾರಿಗರ ಕೆಮ್ಮು ಐತೇನು?"

ಮೊದಲ ಸೂಜಿ ಆಗಲೇ ಚುಚ್ಚಿಸಿಕೊಂಡಳು. ತೋಳು ಉಜ್ಜಿಕೊಳ್ಳುತ್ತ ಬಾಗಿಲು ತೆರೆದಳು. ಹೊರಗಿನ ಬೆಂಚಿನ ಮೇಲೆ ಪಕ್ಕೀರಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಕುಳಿತಿದ್ದ.

"ಬರ್ರಿ ಒಳಗ."

"ನನಗೇನಾಗೇತಿ?"

"ಅಕ್ಕಗೂ ನನಗೂ ಆದದ್ದು," ಎಂದಳು ಹಂಪಮ್ಮ, ಅವನು ಏಳುವ ತನಕ ಬಾಗಿಲು ಹಿಡಿದು ನಿಂತು.