ಅಪ್ಪ ಒರೆಸಿಟ್ಟ ಬಾಟಲಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಮೂಲೆಮನೆಯ ಅಜ್ಜಿ ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು ತಮ್ಮದೇ ನಲ್ಲಿಯ ಮುಂದೆ ಕಾವಲು ನಿಂತಿದ್ದಾರೆ. ಯಾರೂ ನಲ್ಲಿ ತಿರುಗಿಸುವ ಹಾಗಿಲ್ಲ, ಸೊಸೆಗೂ ಕಟ್ಟಪ್ಪಣೆ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿನ ಮೊದಲ ಧಾರೆಯೇ ತನಗೆ ಬೇಕೆಂದು ಒಬ್ಬಳು ಹೇಳಿಟ್ಟಿದ್ದಾಳೆ.

"ಬೇಗ ಬಾರೇ ಬಾಟ್ಲಿ! ನಿಂಗೆ ಕಾದು ಕಾದು ನನ್ನ ಕಾಲಿಗೆ ಬೇರು ಬಂತು."

"ಬಂದೆ ಅಜ್ಜಿ, ಬೈಬೇಡಿ. ನಿಮ್ಮ ಬೈಗುಳ ಕೇಳಿದ ಮೇಲೇನೇ ನಂಗೆ ನಿದ್ದೆ ಬಿಡೋದು," ಎನ್ನುತ್ತ ಅವಳು ಕೈಗವಸು ಏರಿಸಿಕೊಳ್ಳುತ್ತಾಳೆ. ಬಾಟಲಿ ಹಿಡಿಯುತ್ತಾಳೆ, ತುಂಬುತ್ತಾಳೆ, ಮುಚ್ಚಳ ಬಿಗಿಯುತ್ತಾಳೆ, ಮುಂದಿನ ಮನೆಗೆ ನಡೆಯುತ್ತಾಳೆ. ಅವಳು ದಾಟಿದ ಮೇಲೆ ಒಂದೊಂದೇ ಮನೆಯಲ್ಲಿ ನೀರಿನ ಸದ್ದು ಶುರುವಾಗುತ್ತದೆ.

ಓಣಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ, ಎಲ್ಲರಿಗೂ ಅವಳು ಬಾಟ್ಲಿಯೇ. ಓದುತ್ತಿರುವುದು ವಿಶ್ಲೇಷಣಾತ್ಮಕ ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿ, ಎರಡನೇ ವರ್ಷ. ಆ ಹೆಸರು ಕಿವಿಗೆ ಬಿದ್ದೊಡನೆ ನೆಂಟರು ಮಾತು ಬದಲಿಸುತ್ತಾರೆ. "ಏನಿಲ್ಲ, ಯಾವುದ್ರಲ್ಲಿ ಏನಿದೆ, ಎಷ್ಟಿದೆ ಅಂತ ಕಂಡುಹಿಡಿಯೋದು. ಅಷ್ಟೇ," ಎನ್ನುತ್ತಾಳೆ ಅವಳು. ಅಷ್ಟೇ ಅಂತೆ! ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂರಬೇಕು, ಉಸಿರಾಡಿದರೆ ಅಂಕಿ ಅಲುಗುತ್ತದೆ. ಇಡೀ ವಿಭಾಗಕ್ಕೆ ಇರುವುದು ಒಂದೇ ಯಂತ್ರ, ಅದರ ಮುಂದೆ ಸರದಿಗಾಗಿ ವಾರಗಟ್ಟಲೆ ಕಾಯಬೇಕು. ಉಳಿದ ಸಮಯವೆಲ್ಲ ಆಸಿಡ್ಡಿನಲ್ಲಿ ಬಾಟಲಿ ನೆನೆಸಿ ತೊಳೆಯುವುದಕ್ಕೇ ಹೋಗುತ್ತದೆ. "ನಮ್ಮ ಸೋದರತ್ತೆ ಕೇಳ್ತಾರೆ, ಪಾತ್ರೆ ತೊಳೆಯೋಕೆ ಕಾಲೇಜು ಯಾಕೆ, ನಮ್ಮನೇಗೇ ಬಾ ಅಂತ," ಎಂದು ನಗುತ್ತಾಳೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಓಣಿಯ ಪೈಪುಗಳು ಅಜ್ಜಿಯ ಕಾಲದವು. ಅವುಗಳಿಂದ ನೀರಿಗೆ ಸೀಸ ಇಳಿಯುತ್ತಿರಬಹುದೆಂಬ ಅನುಮಾನ ಹುಟ್ಟಿದ್ದು ಅವಳಿಗೆ ತರಗತಿಯಲ್ಲಿ ಕೂತಾಗ. ಸೀಸ ಬಣ್ಣವಿಲ್ಲದೆ, ವಾಸನೆಯಿಲ್ಲದೆ ಮೈಗೆ ಸೇರುವ ವಿಷ. ನೀರು ಸರಬರಾಜಿನ ಕಚೇರಿಗೆ ಹೋಗಿ ಕೇಳಿದರೆ, ಪುರಾವೆ ತಗೊಂಡು ಬಾ ಎಂದು ಸಾಗಹಾಕಿದರು. ಸರಿ, ಪುರಾವೆಯನ್ನೇ ತರುತ್ತೇನೆಂದು ಅದನ್ನೇ ಪ್ರಬಂಧದ ವಿಷಯ ಮಾಡಿಕೊಂಡಳು. ಮುಂಜಾನೆ ಕಾಲೇಜಿನ ಗೇಟು ತೆರೆದಿರುವುದಿಲ್ಲ. ಹಾಗಾಗಿ ತೊಳೆದ ಬಾಟಲಿಗಳನ್ನು ಹಿಂದಿನ ಸಂಜೆಯೇ ಮನೆಗೆ ತಂದು, ಹಲಗೆಯ ಮೇಲೆ ಬೋರಲು ಹಾಕಿಡುತ್ತಿದ್ದಳು.

ಮನೆಯಲ್ಲಿರುವುದು ಅಪ್ಪ, ಮಗಳು ಇಬ್ಬರೇ. ಅಮ್ಮ ತೀರಿಕೊಂಡು ಬಹಳ ಕಾಲವಾಯಿತು. ಅಪ್ಪ ಹಳೇ ಬ್ಯಾಟರಿ ರಿಪೇರಿ ಮಾಡುವವನು. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಬ್ಯಾಟರಿ ಒಡೆದು, ಒಳಗಿನ ತಟ್ಟೆಗಳನ್ನು ಕರಗಿಸಿ ಮತ್ತೆ ಎರಕ ಹೊಯ್ಯುತ್ತಾನೆ. ಆ ತಟ್ಟೆಗಳೆಲ್ಲ ಸೀಸದವು.

ಮೊದಲ ವರ್ಷದ ಕೊನೆಗೆ ಅಂಕಿಗಳು ಬಂದವು. ಮನೆಮನೆಯ ನೀರಿನಲ್ಲೂ ಸೀಸ! ಗೈಡ್ ಮೇಡಮ್ ಬೆನ್ನು ತಟ್ಟಿದರು, ವರದಿ ಕಚೇರಿಗೆ ಹೋಯಿತು, ಹೊಸ ಪೈಪಿನ ಮಾತೂ ಶುರುವಾಯಿತು. ಓಣಿಯವರು ನಲ್ಲಿ ನೀರು ಕುಡಿಯುವುದನ್ನು ಬಿಟ್ಟು ದೂರದ ಟ್ಯಾಂಕಿನಿಂದ ಹೊತ್ತು ತರತೊಡಗಿದರು. ಅಪ್ಪ ಗಿರಾಕಿಗಳನ್ನೆಲ್ಲ ಹಿಡಿದು ನಿಲ್ಲಿಸಿ "ಕಂಡುಹಿಡಿದಿದ್ದು ನನ್ನ ಮಗಳು" ಎಂದು ಹೇಳಿದ್ದೇ ಹೇಳಿದ್ದು.

ಆಮೇಲೆ ಒಂದು ದಿನ ಮೇಡಮ್ ಸುಮ್ಮನೆ ಕೇಳುವ ಹಾಗೆ ಕೇಳಿದರು: "ಬ್ಲ್ಯಾಂಕ್ ಬಾಟಲಿನೂ ನಿನ್ನ ಜೊತೆ ಮನೆಗೆ ಹೋಗಿ ಬರ್ತಿತ್ತು ತಾನೇ?"

ಬ್ಲ್ಯಾಂಕ್ ಎಂದರೆ ಶುದ್ಧ ನೀರು ತುಂಬಿದ ಹೋಲಿಕೆಯ ಬಾಟಲಿ. ಉಳಿದ ಬಾಟಲಿಗಳು ಹೋದಲ್ಲೆಲ್ಲ ಅದೂ ಹೋಗಬೇಕು, ಅವು ಮಲಗಿದಲ್ಲೇ ಮಲಗಬೇಕು. ಕೊನೆಗೆ ಅದರಲ್ಲಿ ಏನೂ ಕಾಣದಿದ್ದರೆ ಮಾತ್ರ ಉಳಿದವುಗಳ ಮಾತು ನಂಬುವುದು. ಇವಳು ಅದನ್ನು ಕಾಲೇಜಿನ ಕಪಾಟಿನಲ್ಲೇ ಬಿಟ್ಟು ಹೋಗುತ್ತಿದ್ದಳು.

ಅಂದೇ ಒಂದು ಬಾಟಲಿ ಮನೆಗೆ ತಂದಳು. ಮರುದಿನ ಓಣಿಯಲ್ಲಿ ನಿಂತು ಅದಕ್ಕೆ ಕಾಲೇಜಿನ ಶುದ್ಧ ನೀರನ್ನೇ ತುಂಬಿದಳು. ಯಂತ್ರ ಅದರಲ್ಲೂ ಸೀಸ ತೋರಿಸಿತು, ನಲ್ಲಿ ನೀರಿನಲ್ಲಿ ಇದ್ದಷ್ಟೇ.

ಆ ಸಂಜೆ ತಲೆ ಕೆಟ್ಟು ಬೇಗ ಮನೆಗೆ ಬಂದವಳು ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು. ಹಲಗೆಯ ಮೇಲೆ ಉಳಿದಿದ್ದ ಅವಳ ಬಾಟಲಿಯೊಂದನ್ನು ಅಪ್ಪ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಸೀಸದ ಧೂಳು ಮೆತ್ತಿದ ಕೈಯಿಂದಲೇ ಕಡ್ಡಿಗೆ ಬಟ್ಟೆ ಸುತ್ತಿ ಒಳಗೆಲ್ಲ ಒರೆಸುತ್ತಿದ್ದ.

"ಒದ್ದೆ ಉಳಿದ್ರೆ ವಾಸನೆ ಬರುತ್ತೆ ಅಂತ ದಿನಾ ಒರೆಸಿಡ್ತಿದ್ದೆ ಕಣಮ್ಮ. ನೀನು ಸುಸ್ತಾಗಿ ಬರ್ತೀಯಲ್ಲ," ಎಂದ. ಮಗಳ ಮುಖ ನೋಡಿ, "ಯಾಕೆ, ತಪ್ಪಾಯ್ತಾ?" ಎಂದ.

ಅಷ್ಟೂ ದಿನದ ದುಡಿಮೆ ಮಣ್ಣುಪಾಲು. ಯಾವ ಬಾಟಲಿಗೆ ಎಷ್ಟು ಸೀಸ ಅಂಟಿತ್ತೋ ಯಾರು ಬಲ್ಲರು, ಕಳೆದು ಲೆಕ್ಕ ಹಾಕುವಂತೆಯೂ ಇಲ್ಲ. ಬಾಯಿ ಮುಚ್ಚಿಕೊಂಡು ಪ್ರಬಂಧ ಸಲ್ಲಿಸು, ಯಾರು ನೋಡ್ತಾರೆ ಎಂದು ಸಹಪಾಠಿಗಳು ಹೇಳಿದರು. ಅವಳು ವರದಿ ವಾಪಸು ಪಡೆದಳು. ನಾವು ಅವತ್ತೇ ಪುರಾವೆ ಕೇಳಿರಲಿಲ್ವಾ ಎಂದು ಕಚೇರಿಯವರು ಕೈತೊಳೆದುಕೊಂಡರು, ಹೊಸ ಪೈಪಿನ ಮಾತು ಅಲ್ಲಿಗೇ ನಿಂತಿತು. ಹಾಗಾದರೆ ಓಣಿಯ ನೀರು ಚೆನ್ನಾಗಿದೆಯೇ? ಅದೂ ಗೊತ್ತಿಲ್ಲ! ಹೊಟ್ಟೆ ಉರಿಯುವುದೇ ಇಲ್ಲಿ.

ಗೊತ್ತಾಗಿದ್ದು ಒಂದೇ. ಅನುಮಾನ ಬಂದು ಅಪ್ಪನ ರಕ್ತ ಪರೀಕ್ಷೆ ಮಾಡಿಸಿದಳು. ಈಚೀಚೆಗೆ ಅವನ ಕೈಯಿಂದ ಸ್ಪ್ಯಾನರ್ ಜಾರುತ್ತಿದ್ದುದಕ್ಕೂ ಹೊಟ್ಟೆ ಹಿಂಡುತ್ತಿದ್ದುದಕ್ಕೂ ಕಾರಣ ಸಿಕ್ಕಿತು. ಅದೇ ಸೀಸ, ಅವಳ ರಕ್ತದಲ್ಲೂ ಸ್ವಲ್ಪ ಇದೆ. ಈ ಕೆಲಸ ಬಿಡಿ ಎಂದರು ಡಾಕ್ಟರು. "ಬಿಟ್ಟು ಏನ್ ತಿನ್ಲಿ?" ಎಂದು ಅಪ್ಪ ಮತ್ತೆ ಶೆಡ್ಡಿಗೆ ಹೋದ.

ಈಗ ಬಾಟಲಿಗಳು ರಾತ್ರಿ ಅಜ್ಜಿಯ ಮನೆಯಲ್ಲಿ ಉಳಿಯುತ್ತವೆ. ಬ್ಲ್ಯಾಂಕ್ ಬಾಟಲಿಯೂ ಅವುಗಳ ಜೊತೆಗೇ ಇರುತ್ತದೆ. ಮತ್ತೆ ಮೊದಲಿನಿಂದ ನೀರು ಸಂಗ್ರಹಿಸುತ್ತಿದ್ದಾಳೆ, ಆದರೆ ಯಂತ್ರದಲ್ಲಿ ಸೀಸ ಅಳೆಯಲು ಬೇಕಾದ ದೀಪವೇ ಸುಟ್ಟುಹೋಗಿದೆ. ಹೊಸದು ಬರುತ್ತೆ ಬರುತ್ತೆ ಎನ್ನುತ್ತಲೇ ಇದ್ದಾರೆ. ಪ್ರಬಂಧದ ಗಡುವು ಅದಕ್ಕೆ ಮೊದಲೇ ಮುಗಿಯುತ್ತದೆ. "ಆಸಿಡ್ ಹಾಕಿಟ್ರೆ ನೀರು ಆರು ತಿಂಗಳು ಕೆಡಲ್ಲ. ಅಷ್ಟರೊಳಗೆ ದೀಪ ಬಂದ್ರೆ ಬಂತು," ಎನ್ನುವ ಅವಳ ದನಿಯಲ್ಲಿ ನಂಬಿಕೆಯೇನೂ ಇಲ್ಲ.

"ಕುಡೀಲೋ ಬೇಡ್ವೋ, ಒಂದು ಮಾತು ಹೇಳೇ. ಟ್ಯಾಂಕಿಂದ ಹೊತ್ತು ನನ್ನ ಸೊಂಟ ಬಿದ್ದೋಯ್ತು," ಎನ್ನುತ್ತಾರೆ ಅಜ್ಜಿ.

"ಗೊತ್ತಿಲ್ಲ ಅಜ್ಜಿ."

"ಅಷ್ಟು ಓದಿ?"

ಅವಳು ಬಾಟಲಿಯ ಮುಚ್ಚಳ ಬಿಗಿಯುತ್ತಾಳೆ. ನಿನಗೇನು ಬೇಕು ಎಂದು ಯಾರಾದರೂ ಕೇಳಿದರೆ ಮಾತ್ರ ಹೇಳುತ್ತಾಳೆ: "ಡಿಗ್ರಿ ಬಂದ್ರೆ ಬರಲಿ, ಬಿಟ್ರೆ ಬಿಡಲಿ. ಅಜ್ಜಿಗೆ ಕುಡೀರಿ ಅಂತಲೋ ಬೇಡಿ ಅಂತಲೋ ಹೇಳಬೇಕು. ಅಪ್ಪ ಮೊದಲಿನ ಥರ ಇರಬೇಕು."

ತುಂಬಿದ ಬಾಟಲಿಗಳ ಚೀಲ ಹೊತ್ತು ಕಾಲೇಜಿನ ಕಡೆ ಹೊರಟವಳು ತನ್ನ ಮನೆಯ ಮುಂದೆಯೇ ಹಾಯಬೇಕು. ಅಪ್ಪ ಮೆಟ್ಟಿಲ ಮೇಲೆ ಕೂತಿದ್ದಾನೆ. ಹೆಗಲಿನಿಂದ ಚೀಲದ ಪಟ್ಟಿ ಜಾರುತ್ತದೆ, ಅವಳು ವಾಲುತ್ತಾಳೆ. ಮೊದಲಾಗಿದ್ದರೆ ಓಡಿ ಬಂದು ಚೀಲಕ್ಕೆ ಕೈಕೊಡುತ್ತಿದ್ದವನು ಈಗಲೂ ಧಡಕ್ಕನೆ ಏಳುತ್ತಾನೆ, ಎದ್ದವನು ಅಲ್ಲೇ ನಿಲ್ಲುತ್ತಾನೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ.

"ಹುಷಾರು ಕಣಮ್ಮ," ಎನ್ನುತ್ತಾನೆ. "ನಾನು ಮುಟ್ಟಲ್ಲ."