ಇಳಿಯುತ್ತಿದ್ದ ಡ್ರಮ್ಮು

ಸಂಪಗಾಂವದ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದಲ್ಲಿ. ಅದಕ್ಕೂ ಮುಂಚೆ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿ ಮುಗಿಸಿದ್ದೆ. ಐದಕ್ಕೆ ಏಳುವುದು, ಐದೂವರೆಗೆ ನೆಲ ಒರೆಸುವುದು, ಆರಕ್ಕೆ ಮೇಟ್ರನ್ ಬಂದು ಕಿಟಕಿಯ ಮೇಲೆ ಬೆರಳೆಳೆದು ಧೂಳು ನೋಡುವುದು. ಆ ಮೂರು ವರ್ಷದ ರೂಢಿ ಮದುವೆಯಾದರೂ ಬಿಡಲಿಲ್ಲ.

ಅತ್ತೆಗೆ ದಮ್ಮು. ರೊಟ್ಟಿ ಬಡಿಯುವ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಡುತ್ತಿರಲಿಲ್ಲ. ಹತ್ತಿಕಟ್ಟಿಗೆಯ ಹೊಗೆಯಲ್ಲಿ ನಾಲ್ಕು ರೊಟ್ಟಿ ಸುಟ್ಟು, ಹೊರಗೆ ಬಂದು ಗೋಡೆಗೆ ಒರಗಿ ಉಸಿರೆಳೆದುಕೊಂಡು, ಮತ್ತೆ ಒಳಗೆ ಹೋಗುತ್ತಿದ್ದರು. ಬೈಲಹೊಂಗಲದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಚಳಿಗಾಲ ಈ ಹೊಗೆ ಕುಡಿದರೆ ಉಳಿಯುವುದು ಕಷ್ಟ ಎಂದರು.

ಆರು ತಿಂಗಳು ಹೇಳಿ ಹೇಳಿ ಮಾವನನ್ನು ಒಪ್ಪಿಸಿದೆ. ಕೊಟ್ಟಿಗೆಯ ಹಿಂದೆ ಗೋಬರ್ ಗ್ಯಾಸಿನ ಗುಂಡಿ ಆಯಿತು. ತೊಟ್ಟಿಯಲ್ಲಿ ಸೆಗಣಿಗೆ, ಅತ್ತೆಯ ಮಾತಿನಲ್ಲಿ ಹೆಂಡಿಗೆ, ಸಮ ನೀರು ಕಲಸಿ ಪೈಪಿನಲ್ಲಿ ಬಿಟ್ಟರೆ ಅದು ಗುಂಡಿ ಸೇರುತ್ತಿತ್ತು. ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು ಗ್ಯಾಸು ತುಂಬಿದಂತೆ ಏರುತ್ತಿತ್ತು, ಉರಿಸಿದಂತೆ ಇಳಿಯುತ್ತಿತ್ತು. ಅದರ ಮೇಲಂಚು ನಿಂತ ಎತ್ತರಕ್ಕೆ ನಾನು ದಿನಾ ಬೆಳಿಗ್ಗೆ ಆರಕ್ಕೆ ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ಗೆರೆ ಎಳೆಯುತ್ತಿದ್ದೆ. ಎರಡು ತಿಂಗಳು ಒಲೆಯಲ್ಲಿ ನೀಲಿ ಉರಿ. ಅತ್ತೆ ಒಮ್ಮೆಯೂ ಹೊರಗೆ ಬರದೆ ಇಡೀ ಬುಟ್ಟಿ ರೊಟ್ಟಿ ಮುಗಿಸುತ್ತಿದ್ದರು.

ಮಳೆ ಹಿಡಿದು ನೊಣ ಹೆಚ್ಚಾದವು. ತೊಟ್ಟಿಯನ್ನು ದಿನಕ್ಕೆರಡು ಸಲ ತೊಳೆಯತೊಡಗಿದೆ. ಅದೇ ಸುಮಾರಿಗೆ ಗೆರೆ ಇಳಿಯಲು ಶುರುವಾಯಿತು. ಮೊದಲು ಒಂದು ಬೆರಳು, ಆಮೇಲೆ ಒಂದು ಗೇಣು. ಪೈಪಿನ ಕೀಲುಗಳಿಗೆ ಸಾಬೂನಿನ ನೀರು ಹಚ್ಚಿ ನೋಡಿದೆ, ಎಲ್ಲೂ ಗುಳ್ಳೆ ಏಳಲಿಲ್ಲ. ಸೆಗಣಿ ಹೆಚ್ಚಿಗೆ ಹಾಕಿದೆ. ಆದರೂ ಡ್ರಮ್ಮು ತಳ ಮುಟ್ಟಿತು. ಒಲೆಗೆ ಮತ್ತೆ ಹತ್ತಿಕಟ್ಟಿಗೆ ಬಂತು.

"ಅಮಾಸಿ ತನಕಾ ನೋಡತೇನಿ. ಮರದಿನ ಆಳ ಹಚ್ಚಿ ಗುಂಡಿ ಮುಚ್ಚಸತೇನಿ," ಎಂದರು ಮಾವ.

ಒಂಬತ್ತು ದಿನ ಉಳಿದಿದ್ದವು. ಅಂದು ಸಂಜೆ ಅತ್ತೆಯ ಉಸಿರು ಎಣಿಸಿದೆ. ನಿಮಿಷಕ್ಕೆ ಮೂವತ್ತನಾಲ್ಕು, ಇರಬೇಕಾದದ್ದು ಇಪ್ಪತ್ತರೊಳಗೆ.

ಮರುದಿನ ನಾನು ತೊಟ್ಟಿ ತೊಳೆಯುವಾಗ ಅತ್ತೆ ಬಂದು ಕಲ್ಲಿನ ಮೇಲೆ ಕುಳಿತರು.

"ಅದೇನ ಹಾಕಾಕತ್ತೀಯವಾ ನೀರಾಗ?"

"ಫಿನಾಯಿಲ್ ರೀ ಅತ್ತಿ. ನೊಣಾ ಬರಬಾರದಂತ."

"ಆ ತೊಳದ ನೀರು ಎಲ್ಲಿ ಹೊಕ್ಕೈತಿ?"

ನಾನು ಪೈಪು ತೋರಿಸಲು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ತೊಟ್ಟಿಗೆ ಇದ್ದದ್ದು ಅದೊಂದೇ ದಾರಿ, ನೇರ ಗುಂಡಿಗೆ.

"ಹೆಂಡಿ ಕೊಳೀಲಾರದ್ಹಂಗ ಔಷಧ ಕುಡಸೀಯಲ್ಲ, ನರ್ಸಮ್ಮಾ! ಕೊಳೀಲಿಲ್ಲಂದ್ರ ಗ್ಯಾಸ್ ಎಲ್ಲಿಂದ ಬರಬೇಕ?"

"ವಾಸನಿ ಬಂದಿರಬೇಕಲ್ರೀ ನಿಮಗ. ಮೊದಲ ಯಾಕ ಹೇಳಲಿಲ್ಲ?"

"ಕಲತಾಕಿ, ಏನರೆ ಲೆಕ್ಕ ಇರಬೇಕಂತ ಸುಮ್ಮನಿದ್ದೆ."

ನನಗೆ ಆ ವಾಸನೆ ಬಂದೇ ಇರಲಿಲ್ಲ. ಆಸ್ಪತ್ರೆಯಲ್ಲಿ ಮೂರು ವರ್ಷ ಅದರಲ್ಲೇ ಉಸಿರಾಡಿದ ಮೂಗು ನನ್ನದು.

"ಹೆಪ್ಪು ಸತ್ತೈತಿ ಅಷ್ಟ. ಬ್ಯಾರೆ ಮನಿದು ಹೆಪ್ಪು ತಂದು ಹಾಕ್ರಿ," ಎಂದರು ಅತ್ತೆ, ಮೊಸರಿನ ಮಾತಾಡುವವರಂತೆ.

ಮಾವನ ಮುಂದೆ ನಿಂತು, ತಪ್ಪು ನನ್ನದೆಂದು ಹೇಳಿದೆ. ಅವರು ಗಾಡಿ ಹೂಡಿದರು. ಎಂ.ಕೆ. ಹುಬ್ಬಳ್ಳಿ ಕಡೆ ಎಮ್ಮೆ ವ್ಯಾಪಾರದ ಸಾಬರೊಬ್ಬರ ಮನೆಯಲ್ಲಿ ಇಂಥದೇ ಗುಂಡಿ ಇತ್ತು. ಅಲ್ಲಿಂದ ಎರಡು ಬ್ಯಾರಲ್ ರಾಡಿ ತಂದರು. ನಮ್ಮ ಗುಂಡಿಯಲ್ಲಿ ಎತ್ತಲು ಸಾಧ್ಯವಾದಷ್ಟನ್ನು ಎತ್ತಿ ಹೊರಗೆ ಚೆಲ್ಲಿ, ಅದನ್ನು ಸುರಿದೆವು.

ನಾಲ್ಕನೆಯ ದಿನ ಗೆರೆ ಕದಲಲಿಲ್ಲ. ಆರನೆಯ ದಿನವೂ ಇಲ್ಲ. ಮಾವ ಆಳುಗಳಿಗೆ ಸಲಿಕೆ ತರಲು ಹೇಳಿ ಕಳಿಸಿದರು. ಎಂಟನೆಯ ದಿನ ಡ್ರಮ್ಮು ಹಿಂದಿನ ಗೆರೆಗಿಂತ ಎರಡು ಬೆರಳು ಮೇಲಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಅತ್ತೆ ತಾವೇ ಕಡ್ಡಿ ಗೀರಿದರು. ಉರಿ ಹಳದಿಯಾಗಿ ಎದ್ದು, ತಡವರಿಸಿ, ನೀಲಿಗೆ ತಿರುಗಿತು. ಚಹಾ ಆಯಿತು. ಒಂದು ರೊಟ್ಟಿ ಆಯಿತು, ಎರಡು ಆದವು. ಮೂರನೆಯದು ಹಂಚಿನ ಮೇಲಿರುವಾಗ ಉರಿ ಆರಿತು.

ಮಾವ ಬಾಗಿಲಲ್ಲಿ ನಿಂತು ಆರಿದ ಒಲೆಯನ್ನು ನೋಡಿದರು. ಅದರ ಮುಂದೆ ಕೆಮ್ಮದೆ ಕುಳಿತಿದ್ದ ಅತ್ತೆಯನ್ನೂ ನೋಡಿದರು.

"ಇನ್ನೊಂದ ಅಮಾಸಿ ನೋಡೂಣು," ಎಂದರು.

ಫಿನಾಯಿಲ್ ಬಾಟಲಿಯನ್ನು ಅತ್ತೆ ತಮ್ಮ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು.